ಮೂರು ವರ್ಷ ಚಂದಾ ಕಟ್ಟಿ ಕತ್ತಲೆಯ ಹಾಡು ನೋಡಿದವನ ಅನುಭವ

ದಾವಣಗೆರೆಯ ಎಪಿಎಂಸಿಯಲ್ಲಿ ದಲ್ಲಾಳಿ ಅಂಗಡಿಯೊಂದರ ಲೆಕ್ಕ ಬರೆಯುತ್ತೇನೆ. ಮೆಕ್ಕೆಜೋಳದ ಸುಗ್ಗಿಯಲ್ಲಿ ಮನೆ ಸೇರುವಾಗ ರಾತ್ರಿ ಹತ್ತಾಗಿರುತ್ತದೆ. ಉಂಡ ಮೇಲೆ ಒಂದು ಗಂಟೆ ಸಿಂಥ್ ಪಾಪ್ (ಸಿಂಥಸೈಜರ್ ಎಂಬ ಎಲೆಕ್ಟ್ರಾನಿಕ್ ವಾದ್ಯದ ಹಾಡುಗಳು), ಡಾರ್ಕ್ ಎಲೆಕ್ಟ್ರಾನಿಕ್ (ಅದರದೇ ಕತ್ತಲೆಯ ಛಾಯೆಯ ಸಂಗೀತ) ವಿಡಿಯೊ ನೋಡದಿದ್ದರೆ ನಿದ್ದೆ ಹತ್ತುವುದಿಲ್ಲ. ಜಾಹೀರಾತಿನ ಕಾಟ ತಾಳಲಾರದೆ ಈ ವಿಡಿಯೊ ಸೇವೆಗೆ ಚಂದಾ ಕಟ್ಟತೊಡಗಿ ಮೂರು ವರ್ಷವಾಯಿತು. ಸೇವೆಯ ಹೆಸರು ಬೇಡ, ಬೈಯುವುದೂ ಇದೆ.

ಮೊದಲ ಆರು ತಿಂಗಳು ಹಬ್ಬ. ಆಮೇಲೆ ಗಾಣದೆತ್ತಿನ ಪಾಡು. ಯಾವ ಹಾಡು ಹಾಕಿದರೂ ಮುಂದೆ ಬರುವುದು ಅವೇ ಇಪ್ಪತ್ತು.

ನನ್ನನ್ನು ಗಾಣದಿಂದ ಬಿಡಿಸಿದ್ದು ನಿರ್ದೇಶಕರ ಹೆಸರುಗಳು. ನಾರ್ವೆಯ ‘ಅ-ಹಾ’ ತಂಡದ ‘ಟೇಕ್ ಆನ್ ಮಿ’ ವಿಡಿಯೊದಲ್ಲಿ ಪೆನ್ಸಿಲ್ ಚಿತ್ರದೊಳಗಿನಿಂದ ಒಂದು ಕೈ ಹೊರಚಾಚಿ ಹುಡುಗಿಯನ್ನು ಕರೆಯುತ್ತದೆ. 1985ರ ಆ ವಿಡಿಯೊ ಸ್ಟೀವ್ ಬ್ಯಾರನ್ ಅವರದು. ಅವರ ಹೆಸರು ಹಾಕಿ ಹುಡುಕಿದರೆ ಹ್ಯೂಮನ್ ಲೀಗ್ ತಂಡದ 1981ರ ವಿಡಿಯೊ ಸಿಕ್ಕಿತು. ಆ ತಂಡದ ಊರು ಉಕ್ಕಿಗೆ ಹೆಸರಾದ ಶೆಫೀಲ್ಡ್. ಬಾಗಿಲು ಮುಚ್ಚಿದ ಹತ್ತಿ ಗಿರಣಿಗಳ ನಡುವೆ ಬೆಳೆದ ನನಗೆ ಅದೇಕೋ ಪರಿಚಿತ ಊರೆನಿಸಿತು.

ಇನ್ನೊಬ್ಬ ನಿರ್ದೇಶಕ ಆಂಟನ್ ಕಾರ್ಬೈನ್ ಅವರದು ಇನ್ನೂ ದೊಡ್ಡ ಗಣಿ. ಡಿಪೇಶ್ ಮೋಡ್ ತಂಡಕ್ಕಾಗಿ 1990ರಲ್ಲಿ ಮಾಡಿದ ವಿಡಿಯೊದಲ್ಲಿ ಕಿರೀಟ ತೊಟ್ಟ ರಾಜ ಮಡಚುವ ಕುರ್ಚಿಯನ್ನು ಕಂಕುಳಲ್ಲಿಟ್ಟುಕೊಂಡು ಬೆಟ್ಟ, ಹಿಮ, ಕಡಲತೀರ ಅಲೆಯುತ್ತಾನೆ. ಕೂರಲು ತಾವು ಹುಡುಕುತ್ತಾನೆ, ಅಷ್ಟೇ ಕಥೆ. ರಾಕ್ ತಂಡ ಜಾಯ್ ಡಿವಿಷನ್‌ಗಾಗಿ 1988ರಲ್ಲಿ ಮಾಡಿದ್ದರಲ್ಲಿ ಮುಸುಕು ಹೊದ್ದ ಆಕೃತಿಗಳು ತೀರಿಹೋದ ಗಾಯಕನ ಭಾವಚಿತ್ರ ಹೊತ್ತು ನಡೆಯುತ್ತವೆ. ಇದು ಸಿಂಥ್ ಪಾಪ್ ಅಲ್ಲ ಎಂದು ಜಗಳಕ್ಕೆ ಬರುವವರು ಬರಲಿ.

ಈಗ ದೂರು. ಇಂಥ ವಿಡಿಯೊಗಳ ಜೀವವೇ ಕಪ್ಪು. ಸಿಗ್ನಲ್ ಸ್ವಲ್ಪ ಸೊರಗಿದರೆ ಸೇವೆ ತಾನಾಗಿಯೇ ಗುಣಮಟ್ಟ ಇಳಿಸುತ್ತದೆ. ಬೆಳಕಿನ ದೃಶ್ಯವಾದರೆ ಗೊತ್ತಾಗುವುದಿಲ್ಲ. ಕತ್ತಲೆಯಾದರೆ ಕಪ್ಪು ಬೂದು ಚೌಕಗಳಾಗಿ ಒಡೆದು, ಹಳೆಯ ಗೋಡೆಯ ಸುಣ್ಣ ಎದ್ದಂತೆ ಕಾಣುತ್ತದೆ. ದುಡ್ಡು ಕಟ್ಟಿಯೂ ಈ ಗತಿ. ನಾನು ಕಂಡುಕೊಂಡ ದಾರಿ ಇದು: ಬೆಳಿಗ್ಗೆಯೇ ವೈಫೈನಲ್ಲಿ ಹೆಚ್ಚಿನ ಗುಣಮಟ್ಟದಲ್ಲಿ ಡೌನ್‌ಲೋಡ್ ಮಾಡಿ, ರಾತ್ರಿ ದೀಪ ಆರಿಸಿ ನೋಡುವುದು. ಕರೆಂಟ್ ಹೋದರೆ ದೀಪ ಆರಿಸುವ ಕೆಲಸವೂ ಉಳಿಯುತ್ತದೆ.

ಇನ್ನೊಂದು ತಲೆನೋವು, ಮನೆಗೆಲ್ಲ ಒಂದೇ ಖಾತೆ. ಹಗಲು ಅವ್ವ ವಚನ, ಹಿಂದೂಸ್ತಾನಿ ಕೇಳುತ್ತಾಳೆ. ರಾತ್ರಿ ನನ್ನ ಪಟ್ಟಿಯ ತುಂಬ ತಂಬೂರಿ. ಬೇರೆ ಖಾತೆ ಮಾಡಿಕೊಡುತ್ತೇನೆಂದು ವರ್ಷವಿಡೀ ಗೊಣಗಿದೆ. ಕಳೆದ ಮಳೆಗಾಲದಲ್ಲಿ ಆ ಕಲಬೆರಕೆಯ ನಡುವೆ ಚರಣ್‌ಜಿತ್ ಸಿಂಗ್ ಬಂದರು. ಹಿಂದಿ ಸಿನಿಮಾ ಹಾಡುಗಳಿಗೆ ವಾದ್ಯ ನುಡಿಸುತ್ತಿದ್ದ ಮುಂಬೈಯ ಕಲಾವಿದ, 1982ರಲ್ಲಿ ರೋಲ್ಯಾಂಡ್ ಕಂಪನಿಯ 808 ಡ್ರಮ್ ಯಂತ್ರ ಮತ್ತು 303 ಬೇಸ್ ಯಂತ್ರ ಮುಂದಿಟ್ಟುಕೊಂಡು ಹತ್ತು ರಾಗ ನುಡಿಸಿದ್ದರು. ಆಗ ಯಾರೂ ಕಿವಿಗೊಡಲಿಲ್ಲ. ಅದೇ 303ರಿಂದ ಷಿಕಾಗೋದಲ್ಲಿ ಆ್ಯಸಿಡ್ ಹೌಸ್ ಎಂಬ ಕುಣಿತದ ಸಂಗೀತ ಹುಟ್ಟಿದ್ದು ಆಮೇಲೆ. ನೋಡಲು ಹಳೆಯ ರೆಕಾರ್ಡಿನ ಹೊದಿಕೆಯ ಚಿತ್ರವೊಂದೇ, ಆದರೂ ಹೆಡ್‌ಫೋನ್ ಕಿತ್ತು ಸ್ಪೀಕರಿಗೆ ಹಾಕಿದೆ.

ಒಳಗಿನಿಂದ ಅವ್ವ ಕೂಗಿದಳು: “ಯಮನ್ ಹಾಕಿದೆಯೇನೋ? ತಬಲಾ ಯಾರದು, ಒಂದೇ ಸಮನೆ ಓಡುತ್ತಿದ್ದಾನಲ್ಲ!”

ಖಾತೆ ಇನ್ನೂ ಒಂದೇ ಇದೆ. ಐದಕ್ಕೆ ಮೂರೂವರೆ ನಕ್ಷತ್ರ. ಕಳೆದ ಒಂದೂವರೆ ಆ ಬೂದು ಚೌಕಗಳ ಲೆಕ್ಕಕ್ಕೆ.