ಎಂಜಿನ್‌ಎಕ್ಸ್‌ನ ಮೈಮ್.ಟೈಪ್ಸ್ ಪಟ್ಟಿ: ಎಕ್ಸ್‌ಎಂಎಲ್ ಕಡತಗಳಿಗೆ ಎಷ್ಟು ಒದಗುತ್ತದೆ?

ವೆಬ್ ವಿಳಾಸದಲ್ಲಿ ಹ್ಯಾಶ್ ಚಿಹ್ನೆಯ ನಂತರ ಬರುವ ತುಣುಕು ಸರ್ವರ್‌ಗೆ ತಲುಪುವುದೇ ಇಲ್ಲ. ಸರ್ವರ್ ಕಳಿಸಿದ ಮೀಡಿಯಾ ಟೈಪ್ (ಕಡತ ಯಾವ ಬಗೆಯದೆಂದು ಹೇಳುವ ಹೆಸರು) ಯಾವುದೆಂದು ನೋಡಿಕೊಂಡು ಬ್ರೌಸರೇ ಅದಕ್ಕೆ ಅರ್ಥ ಹಚ್ಚುತ್ತದೆ. ಆದ್ದರಿಂದ ಎಸ್‌ವಿಜಿ (ಚಿತ್ರ), ಎಕ್ಸ್‌ಎಚ್‌ಟಿಎಂಎಲ್ (ಪುಟ) ಮುಂತಾದ ಎಕ್ಸ್‌ಎಂಎಲ್ ಆಧಾರಿತ ಕಡತಗಳನ್ನು ಉಣಬಡಿಸುವವರು ಎಂಜಿನ್‌ಎಕ್ಸ್ ಎಂಬ ವೆಬ್ ಸರ್ವರ್‌ನ ವೇಗವನ್ನು ಅಳೆಯುವ ಮೊದಲು ಅದರ ಜೊತೆಗೆ ಬರುವ ಮೈಮ್.ಟೈಪ್ಸ್ ಎಂಬ, ಯಾವ ಎಕ್ಸ್‌ಟೆನ್ಶನ್‌ಗೆ ಯಾವ ಟೈಪ್ ಎಂದು ಹೇಳುವ ಚಿಕ್ಕ ಪಟ್ಟಿಯನ್ನು ತೆರೆದು ಓದಬೇಕು.

ಪಟ್ಟಿಯ ಬಹುಭಾಗ ನಂಬಿಕೆಗೆ ಅರ್ಹವಾಗಿದೆ. ಎಸ್‌ವಿಜಿಗೆ ಇಮೇಜ್/ಎಸ್‌ವಿಜಿ+ಎಕ್ಸ್‌ಎಂಎಲ್ ಎಂಬ ಸರಿಯಾದ ಟೈಪ್ ಇರುವುದರಿಂದ, ಹತ್ತಾರು ಐಕಾನ್‌ಗಳನ್ನು ಒಂದೇ ಕಡತದಲ್ಲಿಟ್ಟು, ಹ್ಯಾಶ್‌ನ ಮುಂದೆ ಎಸ್‌ವಿಜಿವ್ಯೂ(ವ್ಯೂಬಾಕ್ಸ್(0,0,64,64)) ಎಂದು ಬರೆದರೆ ಆ ಚೌಕದಲ್ಲಿರುವ ಐಕಾನ್ ಮಾತ್ರ ಕಾಣುತ್ತದೆ. ಅದೇ ಕಡತ ಟೆಕ್ಸ್ಟ್/ಪ್ಲೇನ್ ಆಗಿ ಬಂದರೆ ಇಮೇಜ್ ಟ್ಯಾಗ್‌ನಲ್ಲಿ ಚಿತ್ರವೇ ಮೂಡುವುದಿಲ್ಲ.

ಬರಿಯ ಎಕ್ಸ್‌ಎಂಎಲ್ ಕಡತಕ್ಕೆ ಟೆಕ್ಸ್ಟ್/ಎಕ್ಸ್‌ಎಂಎಲ್ ಎಂದಿರುವುದನ್ನು ಕಂಡು ಹಳಬರು ಹುಬ್ಬೇರಿಸಬಹುದು. 2001ರ ಆರ್‌ಎಫ್‌ಸಿ 3023 ಎಂಬ ಅಂತರಜಾಲ ಮಾನದಂಡದ ದಾಖಲೆಯ ಪ್ರಕಾರ, ಚಾರ್‌ಸೆಟ್ (ಅಕ್ಷರಗಳ ಸಂಕೇತ ಪದ್ಧತಿ) ಹೇಳದೆ ಈ ಟೈಪ್ ಕಳಿಸಿದರೆ, ಕಡತದ ಮೊದಲ ಸಾಲಿನಲ್ಲಿ ಯುಟಿಎಫ್-8 ಎಂದಿದ್ದರೂ ಅದನ್ನು ಇಂಗ್ಲಿಷ್ ಅಕ್ಷರಗಳಷ್ಟೇ ಇರುವ ಆಸ್ಕಿ ಎಂದೇ ಓದಬೇಕಿತ್ತು. 2014ರ ಆರ್‌ಎಫ್‌ಸಿ 7303 ಆ ನಿಯಮವನ್ನು ಕೈಬಿಟ್ಟು, ಟೆಕ್ಸ್ಟ್/ಎಕ್ಸ್‌ಎಂಎಲ್ ಮತ್ತು ಅಪ್ಲಿಕೇಶನ್/ಎಕ್ಸ್‌ಎಂಎಲ್ ಎರಡನ್ನೂ ಒಂದೇ ಎಂದು ಪರಿಗಣಿಸಿತು. ಹಾಗಾಗಿ ಇದು ಈಗ ದೋಷವಲ್ಲ.

ನಿಜವಾದ ಕೊರತೆಗಳು ಬೇರೆ ಕಡೆ ಇವೆ. ಗಣಿತದ ಸೂತ್ರಗಳನ್ನು ಬರೆಯುವ ಮ್ಯಾಥ್‌ಎಂಎಲ್‌ಗೆ ನೋಂದಾಯಿತ ಟೈಪ್ ಅಪ್ಲಿಕೇಶನ್/ಮ್ಯಾಥ್‌ಎಂಎಲ್+ಎಕ್ಸ್‌ಎಂಎಲ್ ಆಗಿದ್ದರೂ ಪಟ್ಟಿ ಟೆಕ್ಸ್ಟ್/ಮ್ಯಾಥ್‌ಎಂಎಲ್ ಎನ್ನುತ್ತದೆ. ಕುಗ್ಗಿಸಿದ ಎಸ್‌ವಿಜಿಝಡ್ ಕಡತಕ್ಕೆ ಟೈಪ್ ಇದೆ, ಆದರೆ ಜಿಜಿಪ್ ವಿಧಾನದಲ್ಲಿ ಕುಗ್ಗಿಸಿದ್ದೆಂದು ತಿಳಿಸುವ ಕಂಟೆಂಟ್-ಎನ್‌ಕೋಡಿಂಗ್ ಹೆಡರನ್ನು (ಕಡತದ ಜೊತೆ ಹೋಗುವ ಮಾಹಿತಿ ಸಾಲು) ನಾವೇ ಸೇರಿಸಬೇಕು.

ತಿದ್ದುವಾಗಲೂ ಎಚ್ಚರ ಬೇಕು. ಮ್ಯಾಥ್‌ಎಂಎಲ್‌ನ ಒಂದು ಸಾಲು ಸರಿಪಡಿಸಲು ನಾನು ಸರ್ವರ್ ಬ್ಲಾಕ್‌ನಲ್ಲಿ (ಎಂಜಿನ್‌ಎಕ್ಸ್ ಸಂರಚನೆಯಲ್ಲಿ ಒಂದು ತಾಣಕ್ಕೆ ಸೇರಿದ ಭಾಗ) ಹೊಸ ಟೈಪ್ಸ್ ಬ್ಲಾಕ್ ಬರೆದೆ. ಮರುಕ್ಷಣವೇ ತಾಣದ ಮುಖಪುಟ ತೆರೆಯುವ ಬದಲು ಡೌನ್‌ಲೋಡ್ ಆಗತೊಡಗಿತು. ಒಳಗಿನ ಟೈಪ್ಸ್ ಬ್ಲಾಕ್ ಮೇಲಿನ ಪಟ್ಟಿಗೆ ಕೂಡಿಕೊಳ್ಳುವುದಿಲ್ಲ, ಇಡೀ ಪಟ್ಟಿಯ ಜಾಗವನ್ನೇ ಆಕ್ರಮಿಸುತ್ತದೆ. ಉಳಿದ ಕಡತಗಳೆಲ್ಲ ನನ್ನ ಸಂರಚನೆಯಲ್ಲಿ ಡೀಫಾಲ್ಟ್ ಟೈಪ್ ಆಗಿದ್ದ ಆಕ್ಟೆಟ್-ಸ್ಟ್ರೀಮ್‌ಗೆ, ಅಂದರೆ ಬಗೆ ತಿಳಿಯದ ಕಡತಕ್ಕೆ ಹಚ್ಚುವ ಟೈಪ್‌ಗೆ, ಬಿದ್ದಿದ್ದವು. ಅದೇ ಸರ್ವರ್ ಬ್ಲಾಕ್‌ನಲ್ಲಿ ಮೊದಲು ಮೂಲ ಪಟ್ಟಿಯನ್ನು ಇನ್‌ಕ್ಲೂಡ್ ಮಾಡಿ, ಆಮೇಲೆ ನಮ್ಮ ಸಾಲಿರುವ ಟೈಪ್ಸ್ ಬ್ಲಾಕನ್ನು ಬರೆದರೆ ನಂತರದ್ದೇ ನಿಲ್ಲುತ್ತದೆ, ಲಾಗ್‌ನಲ್ಲಿ ಒಂದು ಎಚ್ಚರಿಕೆ ಮಾತ್ರ ಬರುತ್ತದೆ.

ಎಸ್‌ವಿಜಿ, ಎಕ್ಸ್‌ಎಚ್‌ಟಿಎಂಎಲ್ ಮತ್ತು ಫೀಡ್‌ಗಳಷ್ಟೇ ಇರುವ ತಾಣಕ್ಕೆ ಈ ಪಟ್ಟಿಯನ್ನು ಹಾಗೆಯೇ ಬಳಸಿರೆಂದು ಹೇಳುತ್ತೇನೆ. ಗಣಿತದ ಕಡತಗಳಿರುವವರು ಆ ಒಂದು ಸಾಲನ್ನು ಬದಲಿಸಿ, ಪ್ರತಿ ಎಕ್ಸ್‌ಟೆನ್ಶನ್‌ಗೂ ಒಂದೊಂದು ಕಡತದ ಹೆಡರನ್ನು ಕರ್ಲ್ ಎಂಬ ಆಜ್ಞಾಸಾಲಿನ ಸಾಧನದಿಂದ ತರಿಸಿ ನೋಡಿದ ಮೇಲೆಯೇ ತಾಣವನ್ನು ತೆರೆಯಲಿ.