ಮನೆ ಮಾರುವಾಗ ಬಿರುಕು ವರದಿಯಾದರೆ, ದುರಸ್ತಿ ಮಾಡುವವರಿಂದ ಅದರ ಕಾರಣ ಕೇಳಬೇಡಿ

ಮನೆ ಮಾರಲು ಹೊರಟು, ಕೊಳ್ಳುವವರ ಕಡೆಯ ತಪಾಸಣೆಯಲ್ಲಿ ಗೋಡೆಯ ಬಿರುಕೋ ತಳಪಾಯದ ಕುಸಿತವೋ ವರದಿಯಾಗಿ, ಮುಂದೇನೆಂದು ತೋಚದೆ ಕುಳಿತಿರುವವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ನಮ್ಮ ಕುಟುಂಬಕ್ಕೆ ಆದ ನಷ್ಟದಲ್ಲಿ ಬಿರುಕಿನ ಪಾಲು ಚಿಕ್ಕದು. ಅದು ಏಕೆ ಬಂತೆಂದು ಯಾರಿಗೂ ತಿಳಿಯುವ ಮೊದಲೇ ಎಲ್ಲರೂ ದುರಸ್ತಿಯ ಮೊತ್ತವನ್ನು ಚರ್ಚಿಸತೊಡಗಿದ್ದರಿಂದಲೇ ಹೆಚ್ಚಿನ ನಷ್ಟ ಆಯಿತು.

ಬೆಲೆ ಒಪ್ಪಿತವಾಗಿ, ಕರಾರಿಗೆ ಸಹಿ ಬೀಳುವುದಷ್ಟೇ ಬಾಕಿ ಇದ್ದಾಗ ತಪಾಸಣೆ ನಡೆಯಿತು. ಹಿಂಬದಿಯ ಕಿಟಕಿಯ ಮೂಲೆಯಿಂದ ಓರೆಯಾಗಿ ಮೇಲಕ್ಕೆ ಹತ್ತಿ, ಹೋದಂತೆ ಅಗಲವಾಗುತ್ತಿದ್ದ ಬಿರುಕೊಂದನ್ನು ಗುರುತಿಸಿ, ತಳಪಾಯ ಕದಲಿರುವ ಸಾಧ್ಯತೆಯಿದೆ, ಹೆಚ್ಚಿನ ಪರಿಶೀಲನೆ ಅಗತ್ಯ ಎಂದು ವರದಿಯಲ್ಲಿ ಬರೆದಿದ್ದರು. ಇಂಥ ತಪಾಸಣೆ ಕಣ್ಣಿಗೆ ಕಾಣುವುದನ್ನಷ್ಟೇ ನೋಡುತ್ತದೆ. ನೆಲ ಅಗೆಯುವುದಿಲ್ಲ, ಗಾರೆ ಕೀಳುವುದಿಲ್ಲ. ಆದ್ದರಿಂದ ಆ ವಾಕ್ಯವನ್ನು ಪರಿಶೀಲನೆಯ ಆರಂಭವೆಂದು ಓದಬೇಕಿತ್ತು. ಆದರೆ ದಲ್ಲಾಳಿ ಅದನ್ನು ತೀರ್ಪೆಂದೇ ಎಣಿಸಿ, ತನಗೆ ಪರಿಚಯವಿದ್ದ ದುರಸ್ತಿ ಕಂಪನಿಯೊಂದರ ಪ್ರತಿನಿಧಿಯನ್ನು ಉಚಿತ ಪರೀಕ್ಷೆಗೆಂದು ಕರೆತಂದರು. ಆತ ಬಿರುಕಿನ ಅಗಲವನ್ನು ಅಳೆಯಲಿಲ್ಲ, ಒಳಚರಂಡಿಯ ಮುಚ್ಚಳ ತೆಗೆಸಿ ನೋಡಲಿಲ್ಲ, ಆದರೂ ತಳಪಾಯದ ಕೆಳಗೆ ಕಾಂಕ್ರೀಟ್ ಪೈಲ್‌ಗಳನ್ನು, ಅಂದರೆ ನೆಲದಾಳಕ್ಕೆ ಹೋಗಿ ಭಾರ ಹೊರುವ ಕಂಬಗಳನ್ನು, ಇಳಿಸಲೇಬೇಕೆಂದು ಹೇಳಿ ದೊಡ್ಡ ಮೊತ್ತದ ಅಂದಾಜು ಪಟ್ಟಿಯನ್ನು ಕೊಟ್ಟುಹೋದ. ಕೊಳ್ಳುವವರು ಆ ಇಡೀ ಮೊತ್ತವನ್ನು ಬೆಲೆಯಿಂದ ಕಳೆಯಬೇಕೆಂದು ಕೇಳಿದರು, ನಾವು ಒಪ್ಪದಿದ್ದಾಗ ಹಿಂದೆ ಸರಿದರು. ಅವರನ್ನು ನಾನು ದೂರುವುದಿಲ್ಲ. ಅವರ ಕೈಯಲ್ಲಿದ್ದ ಲೆಕ್ಕ ಅದೊಂದೇ ಆಗಿತ್ತು.

ಇದಕ್ಕಿಂತ ಕೆಟ್ಟದ್ದು ಆಮೇಲೆ ನಡೆಯಿತು. ಮನೆ ತೋರಿಸಲೆಂದು ದಲ್ಲಾಳಿಯ ಬಳಿ ಬಿಟ್ಟಿದ್ದ ಬೀಗದ ಕೈ ಬಳಸಿ, ನಮ್ಮನ್ನು ಒಂದು ಮಾತೂ ಕೇಳದೆ, ಅದೇ ಕಂಪನಿಯ ಕೆಲಸಗಾರರು ಬಿರುಕಿಗೆ ಪುಟ್ಟಿ ತುಂಬಿ ಬಣ್ಣ ಬಳಿದರು. ಮುಂದೆ ನೋಡಲು ಬರುವವರು ಬೆದರಬಾರದೆಂಬುದು ಅವರು ಕೊಟ್ಟ ಕಾರಣ. ಬೀಗದ ಕೈ ಕೊಡುವಾಗ, ಮಾಲೀಕರ ಲಿಖಿತ ಒಪ್ಪಿಗೆಯಿಲ್ಲದೆ ಮನೆಯಲ್ಲಿ ಯಾವ ಕೆಲಸವನ್ನೂ ಮಾಡಿಸುವಂತಿಲ್ಲ ಎಂದು ದಯವಿಟ್ಟು ಬರೆಸಿಕೊಳ್ಳಿ.

ಬಿರುಕನ್ನು ಮುಚ್ಚಿದರೆ ಸಾಕ್ಷ್ಯವೇ ಅಳಿಸಿಹೋಗುತ್ತದೆ ಎಂಬುದನ್ನು ಅನಂತರ ನಾವು ನೇಮಿಸಿದ ಸ್ಟ್ರಕ್ಚರಲ್ ಎಂಜಿನಿಯರ್ (ಕಟ್ಟಡದ ಬಲ, ಭದ್ರತೆ ಪರಿಶೀಲಿಸುವ ತಜ್ಞರು) ವಿವರಿಸಿದರು. ಹೊಸ ಬಿರುಕಿನ ಅಂಚು ಚೂಪಾಗಿಯೂ ಒಳಭಾಗ ಶುಭ್ರವಾಗಿಯೂ ಇರುತ್ತದೆ. ಹಳೆಯದರಲ್ಲಿ ಧೂಳು ಕೂತಿರುತ್ತದೆ, ಕೆಲವೊಮ್ಮೆ ಹಿಂದೆ ಬಳಿದ ಬಣ್ಣವೂ ಒಳಗೆ ಇಳಿದಿರುತ್ತದೆ. ಬಿರುಕಿನ ವಯಸ್ಸನ್ನು ಹೇಳಬಲ್ಲ ಆ ಗುರುತುಗಳೆಲ್ಲ ಪುಟ್ಟಿಯಡಿ ಸೇರಿದ್ದವು. ನಮ್ಮಲ್ಲಿದ್ದ ಹಳೆಯ ಫೋಟೋಗಳಿಂದ ಒಂದಿಷ್ಟು ತಿಳಿಯಿತು. ಆಮೇಲೆ ಅವರು ಚರಂಡಿಯ ಪೈಪಿನ ಒಂದು ತುದಿ ಮುಚ್ಚಿಸಿ, ನೀರು ತುಂಬಿಸಿ, ಮಟ್ಟ ಇಳಿಯುತ್ತದೆಯೇ ಎಂದು ನೋಡಿದರು. ಮಟ್ಟ ಇಳಿಯಿತು. ಆ ಮೂಲೆಯಲ್ಲಿ ತಳಪಾಯದ ಪಕ್ಕ ಗುಂಡಿ ತೆಗೆಸಿದಾಗ, ಸೋರುತ್ತಿದ್ದ ಪೈಪಿನ ಕೀಲಿನ ಸುತ್ತ ಸಣ್ಣ ಕಣದ ಮಣ್ಣು ಕೊಚ್ಚಿಹೋಗಿ ನೆಲ ಮೆತ್ತಗಾಗಿದ್ದುದು ಕಂಡಿತು. ಪೈಪನ್ನು ಸರಿಪಡಿಸಿ, ಬಿರುಕಿಗೆ ಅಡ್ಡಲಾಗಿ ಅಳತೆಪಟ್ಟಿಗಳನ್ನು ಅಂಟಿಸಿ, ದಿನಾಂಕದೊಂದಿಗೆ ಅಳತೆ ದಾಖಲಿಸುತ್ತ ಬಂದೆವು. ಜೇಡಿಮಣ್ಣಿನ ನೆಲ ಒಣಗಿದಾಗ ಕುಗ್ಗಿ ನೆನೆದಾಗ ಹಿಗ್ಗುವುದರಿಂದ, ಇಂಥ ನಿಗಾ ಮಳೆಗಾಲ ಬೇಸಿಗೆ ಎರಡನ್ನೂ ದಾಟಬೇಕೆಂದು ಅವರು ಪಟ್ಟುಹಿಡಿದರು. ಚಲನೆ ನಿಂತಿತ್ತು; ಪೈಲ್‌ಗಳ ಅಗತ್ಯವೇ ಇರಲಿಲ್ಲ.

ಎಲ್ಲ ಬಿರುಕುಗಳೂ ಹೀಗೆ ಸುಲಭವಾಗಿ ಮುಗಿಯುತ್ತವೆಂದು ಭಾವಿಸಬಾರದು. ಬೀಮಿನ ತಳದಲ್ಲಿ ಕಂಬಿಯ ಉದ್ದಕ್ಕೂ ಸಾಗುವ ಬಿರುಕು ಸಾಮಾನ್ಯವಾಗಿ ತುಕ್ಕಿನದು. ತುಕ್ಕು ಮೂಲ ಕಬ್ಬಿಣಕ್ಕಿಂತ ಹಲವು ಪಟ್ಟು ಜಾಗ ಬೇಡುವುದರಿಂದ ಕಾಂಕ್ರೀಟನ್ನು ಒಳಗಿನಿಂದಲೇ ಒಡೆಯುತ್ತದೆ, ಅದರ ಮೇಲೆ ಗಾರೆ ಮೆತ್ತಿದರೆ ಒಳಗಿನ ಹಾನಿ ಮುಂದುವರಿಯುತ್ತದೆ. ತಾರಸಿಯ ಸ್ಲ್ಯಾಬಿನ ಕೆಳಗೆ ಗೋಡೆಯುದ್ದಕ್ಕೂ ಅಡ್ಡವಾಗಿ ಕಾಣುವ ಗೆರೆ ಬಹಳ ಸಲ ಬಿಸಿಲಿಗೆ ಸ್ಲ್ಯಾಬು ಹಿಗ್ಗಿ ಕುಗ್ಗುವುದರಿಂದ ಬಂದಿರುತ್ತದೆ. ಅಗಲದ ಬಗ್ಗೆ ಹೇಳುವುದಾದರೆ, ಬ್ರಿಟನ್ನಿನ ಕಟ್ಟಡ ಸಂಶೋಧನಾ ಸಂಸ್ಥೆಯ ಶ್ರೇಣಿಯಲ್ಲಿ 5 ಮಿ.ಮೀ.ವರೆಗಿನ ಗೋಡೆ ಬಿರುಕುಗಳನ್ನು ಮುಖ್ಯವಾಗಿ ಅಂದಕ್ಕೆ ಸಂಬಂಧಿಸಿದ ಹಾನಿಯೆಂದೂ 15 ಮಿ.ಮೀ. ಮೀರಿದವನ್ನು ವ್ಯಾಪಕ ದುರಸ್ತಿ ಬೇಡುವ ತೀವ್ರ ಹಾನಿಯೆಂದೂ ಪರಿಗಣಿಸುತ್ತಾರೆ. ಆದರೆ ಅಗಲವೊಂದನ್ನೇ ಹಿಡಿದು ನಿರ್ಧರಿಸಬಾರದೆಂದು ಅದೇ ಶ್ರೇಣಿ ಎಚ್ಚರಿಸುತ್ತದೆ. ಸಣ್ಣ ಬಿರುಕು ಬೆಳೆಯುತ್ತಿದ್ದರೆ ಅದು ನಿಂತುಹೋದ ದೊಡ್ಡ ಬಿರುಕಿಗಿಂತ ಅಪಾಯಕಾರಿ.

ಆದ್ದರಿಂದ ಕಾರಣ ಹುಡುಕುವ ಕೆಲಸವನ್ನು, ದುರಸ್ತಿಯಿಂದ ಯಾವ ಲಾಭವನ್ನೂ ಪಡೆಯದ, ವರದಿಗೆ ಮಾತ್ರ ಶುಲ್ಕ ತೆಗೆದುಕೊಳ್ಳುವ ಎಂಜಿನಿಯರರಿಗೇ ವಹಿಸಿ. ಅವರ ವರದಿ ಕೈಗೆ ಬರುವವರೆಗೆ ಬೆಲೆ ಇಳಿಸುವ ಮಾತಿಗೆ ಇಳಿಯಬೇಡಿ. ಅವಸರವಿಲ್ಲದಿದ್ದರೆ ದುರಸ್ತಿ ಮುಗಿಸಿಯೇ ಮಾರುವುದು ಮೇಲೆಂದು ನನ್ನ ಅಭಿಪ್ರಾಯ. ಅವಸರವಿದ್ದರೆ, ವರದಿ ಸೂಚಿಸಿದ ಕೆಲಸಕ್ಕೆ ಮಾತ್ರ ಎರಡು ಮೂರು ಕಡೆಯಿಂದ ದರ ತರಿಸಿ ಅಷ್ಟನ್ನೇ ಬೆಲೆಯಲ್ಲಿ ಕಳೆಯಬಹುದು.

ನಮ್ಮ ಮನೆ ನೋಡಲು ಬಂದ ಎರಡನೆಯ ಕುಟುಂಬ, ಒಂದೇ ಮೂಲೆಯಲ್ಲಿ ಹೊಸ ಬಣ್ಣ ಕಂಡು, ಏನನ್ನೋ ಮರೆಮಾಚಿದ್ದೇವೆಂದು ಅನುಮಾನಿಸಿ ಹೊರಟುಹೋಯಿತು. ಕೊನೆಗೆ ಕೊಂಡವರಿಗೆ ನಾವು ಮೊದಲ ದಿನವೇ ಬಿರುಕಿನ ಹಳೆಯ ಫೋಟೋಗಳು, ಎಂಜಿನಿಯರರ ವರದಿ, ಪೈಪ್ ದುರಸ್ತಿಯ ರಸೀದಿ ಮತ್ತು ಅಳತೆಯ ದಾಖಲೆಗಳನ್ನು ಒಟ್ಟಿಗೆ ಕೊಟ್ಟೆವು. ಅವರ ಎಂಜಿನಿಯರ್ ಅವನ್ನೆಲ್ಲ ಓದಿ, ಗುಂಡಿ ತೆಗೆದ ಜಾಗವನ್ನು ಮತ್ತೊಮ್ಮೆ ಪರೀಕ್ಷಿಸಿದ ಮೇಲೆ ಒಪ್ಪಿದ ಬೆಲೆಗೇ ಕರಾರು ಆಯಿತು.