ಬೀದಿದೀಪ, ಶೌಚಾಲಯ ಕೇಳಬೇಕು: ಮಹಿಳಾ ಗ್ರಾಮಸಭೆಯಲ್ಲೋ, ಗ್ರಾಮಸಭೆಯಲ್ಲೋ?

ಬಸ್ ನಿಲ್ದಾಣದ ದಾರಿಗೆ ದೀಪವಿಲ್ಲ, ಸಂತೆಯಲ್ಲಿ ಶೌಚಾಲಯವಿಲ್ಲ ಎಂಬಂಥ ಮಾತು ಮಹಿಳಾ ಗ್ರಾಮಸಭೆಯಲ್ಲಿ ಸಲೀಸಾಗಿ ಹೊರಬರುತ್ತದೆ. ಗಂಡಸರೆದುರು ಬಾಯಿಬಿಡದವರೂ ಅಲ್ಲಿ ಕಂಬ ಯಾವುದು, ಎಷ್ಟು ದಿನದಿಂದ ಉರಿದಿಲ್ಲ ಎಂದು ಬಿಡಿಸಿ ಹೇಳುತ್ತಾರೆ. ಆದರೆ ಅಲ್ಲಿ ಹೇಳಿದ್ದು ಅಲ್ಲೇ ಉಳಿಯುವ ಅಪಾಯವೂ ಇದೆ. ಮನೆ ಫಲಾನುಭವಿಗಳ ಪಟ್ಟಿ, ವರ್ಷದ ಕ್ರಿಯಾಯೋಜನೆ ಚರ್ಚೆಗೆ ಬರುವುದು ಸಾಮಾನ್ಯ ಗ್ರಾಮಸಭೆಯಲ್ಲಿ. ಅಲ್ಲೋ ಮೈಕು ಮುಂದಿನ ಸಾಲಿನವರದ್ದೇ.

ಮನೆಯ ಅರ್ಜಿಯಾದರೆ ನೇರ ಗ್ರಾಮಸಭೆಗೇ ಹೋಗಿ. ದೀಪ, ನೀರು, ಶೌಚಾಲಯವಾದರೆ ಮೊದಲು ಮಹಿಳಾ ಸಭೆ. ಬೇಡಿಕೆಯನ್ನು ಜಾಗದ ಗುರುತಿನೊಂದಿಗೆ ಎರಡು ಪ್ರತಿ ಬರೆದು, ಒಂದರ ಮೇಲೆ ಪಿಡಿಒ (ಪಂಚಾಯಿತಿ ಅಭಿವೃದ್ಧಿ ಅಧಿಕಾರಿ) ಸಹಿ, ಮೊಹರು ಹಾಕಿಸಿಕೊಳ್ಳಿ. ನೀವು ಸಹಿ ಮಾಡುವ ಮುನ್ನ ಸಭೆಯ ನಡಾವಳಿ ಪುಸ್ತಕ ಓದಿಸಿ ಕೇಳಿ. ಖಾಲಿ ಹಾಳೆಗೆ ಸಹಿ ಹಾಕಿದರೆ ಆಮೇಲೆ ಯಾರು ಏನು ಬೇಕಾದರೂ ಬರೆದುಕೊಳ್ಳಬಹುದು. ಮಹಿಳಾ ಸಭೆಯಲ್ಲಿ ಆದ ಠರಾವನ್ನು (ನಿರ್ಣಯವನ್ನು) ಗ್ರಾಮಸಭೆಯಲ್ಲಿ ಮತ್ತೆ ಓದಿಸಲು ನಾಲ್ಕೈದು ಜನ ಒಟ್ಟಿಗೆ ಹೋಗಿ.